ಪುಟ್ಟುಗೆ ಮಾವನ ಕಾಗದ: ಮಿಲಿಟರಿಗೆ ಹೋದ ಒಬ್ಬ ಆರ್ಕಿಟೆಕ್ಟ್‌ನ ಕಥೆ

ಚಿ. ಪುಟ್ಟುಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ಮೊನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಮೊದಲು ಹತ್ತು ನಿಮಿಷ ಬೈದಳು, ಆಮೇಲೆ ಅತ್ತಳು. ಸೈನ್ಯಕ್ಕೆ ಆಫೀಸರ್‌ಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದಲ್ಲಿ ನೀನು ಪಾಸಾದ ಸುದ್ದಿ ನನಗೆ ಸಿಕ್ಕಿದ್ದು ಹೀಗೆ. ಮಗ ಪಾಸಾದ ಅಂತ ಅಳುವ ತಾಯಿಯನ್ನು ನಾನು ಇದೇ ಮೊದಲು ನೋಡಿದ್ದು. "ಐದು ವರ್ಷ ಆರ್ಕಿಟೆಕ್ಚರ್ ಓದಿದ್ದೆಲ್ಲ ದಂಡ ಆಯ್ತಲ್ಲೋ" ಅಂತ ಒಂದೇ ಮಾತು. ಭಾವ ಏನಂದರು ಅಂತ ಕೇಳಿದೆ. ಪೇಪರ್ ಮಡಚಿಟ್ಟು ಎದ್ದು ಒಳಗೆ ಹೋದರಂತೆ. ಅವರು ಬೈದರೆ ಹೆದರಬೇಕಾಗಿಲ್ಲ, ಸುಮ್ಮನಾದರೆ ಹೆದರಬೇಕು. ಅದು ನಿನಗೇ ಗೊತ್ತು.

ಹೋಗು ಅಂತಲೋ ಬೇಡ ಅಂತಲೋ ಅಪ್ಪಣೆ ಕೊಡೋಕೆ ನಾನು ಈ ಕಾಗದ ಬರೆಯುತ್ತಿಲ್ಲ. ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ ಮಾವ, ಹ್ಞೂಂ ಮಾವ" ಅಂತ ಮುಗಿಸಿಬಿಡುತ್ತೀಯ. ಕಾಗದವಾದರೆ ಒಂದು ಸಲವಾದರೂ ಪೂರ್ತಿ ಓದುತ್ತೀಯ ಅನ್ನೋ ಆಸೆ. ನಿನಗೆ ಒಬ್ಬ ಮನುಷ್ಯನ ಕಥೆ ಹೇಳಬೇಕು. ನಿನ್ನ ಅಮ್ಮ ಹೇಳುವ ಈ 'ದಂಡ' ಅನ್ನೋ ಮಾತು ಕೇಳಿದ ತಕ್ಷಣ ನನಗೆ ನೆನಪಾಗಿದ್ದು ಆತನೇ.

ಹೆಸರು ಕ್ಲಫ್ ವಿಲಿಯಮ್ಸ್-ಎಲಿಸ್. ಬ್ರಿಟನ್ನಿನ ಆರ್ಕಿಟೆಕ್ಟ್. ಮಗಳ ಮನೆಗೆ ಇಂಗ್ಲೆಂಡಿಗೆ ಹೋಗಿದ್ದಾಗ ಅಳಿಯಂದಿರು ನಮ್ಮನ್ನು ಉತ್ತರ ವೇಲ್ಸ್‌ಗೆ ಕರೆದುಕೊಂಡು ಹೋಗಿದ್ದರಲ್ಲ, ಆಗ ಆತ ಕಟ್ಟಿದ ಊರು ನೋಡಿದೆ. ಪೋರ್ಟ್‌ಮೆರಿಯನ್ ಅಂತ. ಡುಯಿರಿಡ್ ನದಿ ಸಮುದ್ರ ಸೇರುವ ಕಡೆ, ಬಂಡೆಯ ಮೇಲೆ, ಗುಲಾಬಿ, ಹಳದಿ, ತಿಳಿನೀಲಿ ಬಣ್ಣದ ಕಟ್ಟಡಗಳು. ಗೋಪುರ, ಗುಮ್ಮಟ, ಕಂಬಸಾಲು. ಎಲ್ಲೋ ಇಟಲಿಗೆ ಬಂದುಬಿಟ್ಟೆವೇನೋ ಅನ್ನಿಸುತ್ತೆ. ನೀರು ಇಳಿದಾಗ ಎದುರಿಗೆ ಮೈಲಿಗಟ್ಟಲೆ ಬರೀ ಮರಳು.

ನಾನು ಅಲ್ಲಿ ಒಂದು ಕಟ್ಟಡದ ಮುಂದೆ ಕಾಲು ಗಂಟೆ ನಿಂತಿದ್ದೆ. ಏನೋ ಸರಿ ಇಲ್ಲ ಅನ್ನಿಸುತ್ತಿತ್ತು, ಏನು ಅಂತ ಗೊತ್ತಾಗುತ್ತಿರಲಿಲ್ಲ. ಕೊನೆಗೆ ತೋಳು ಚಾಚಿ, ಹೆಬ್ಬೆರಳಿನಲ್ಲಿ ಅಳತೆ ಹಿಡಿದೆ. ಕೆಳಗಿನ ಕಿಟಕಿಗಿಂತ ಮೇಲಿನದು ಚಿಕ್ಕದು, ಅದರ ಮೇಲಿನದು ಇನ್ನೂ ಚಿಕ್ಕದು. ಕಟ್ಟಡ ನಿಜಕ್ಕೂ ಅಷ್ಟು ಎತ್ತರವೇ ಇಲ್ಲ, ಕಣ್ಣಿಗೆ ಎತ್ತರ ಕಾಣೋ ಹಾಗೆ ಮಾಡಿದ್ದಾನೆ! ಇನ್ನೊಂದು ಕಡೆ ಒಂದು ಕಿಟಕಿ ಮೆಚ್ಚಿಕೊಂಡು ಹತ್ತಿರ ಹೋದರೆ ಅದು ಕಿಟಕಿಯೇ ಅಲ್ಲ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದು. ನಲವತ್ತು ವರ್ಷ ಡ್ರಾಯಿಂಗ್ ಬೋರ್ಡ್ ಮುಂದೆ ಕೂತವನು ಮೋಸ ಹೋದೆ. ನಿನ್ನ ಅತ್ತೆ ಅದನ್ನು ಇವತ್ತಿಗೂ ಮರೆತಿಲ್ಲ.

ಈ ಊರು ಕಟ್ಟಿದವನು ಮೊದಲ ಮಹಾಯುದ್ಧದಲ್ಲಿ ಮೇಜರ್ ಆಗಿದ್ದ, ಮಿಲಿಟರಿ ಕ್ರಾಸ್ ಪದಕ ಪಡೆದಿದ್ದ ಅಂತ ತಿಳಿದಾಗ ನನಗೆ ಆಶ್ಚರ್ಯವಾಯಿತು. ಇಷ್ಟು ನಗುನಗುತ್ತಾ ಇರುವ ಊರನ್ನು ಆ ಯುದ್ಧದಿಂದ ಬಂದವನು ಕಟ್ಟಿದ್ದಾ ಅಂತ.

ಆತನ ಓದಿನ ಕಥೆ ಕೇಳಿದರೆ ನಿನ್ನ ಅಮ್ಮ ಇನ್ನೊಂದು ಸಲ ಅಳುತ್ತಾಳೆ. ಹುಟ್ಟಿದ್ದು 1883ರಲ್ಲಿ, ಅಪ್ಪ ಪಾದ್ರಿ. ಕೇಂಬ್ರಿಜ್‌ನಲ್ಲಿ ವಿಜ್ಞಾನಕ್ಕೆ ಸೇರಿ ಅರ್ಧಕ್ಕೇ ಬಿಟ್ಟ. ಲಂಡನ್ನಿನ ಆರ್ಕಿಟೆಕ್ಚರ್ ಶಾಲೆಗೆ ಸೇರಿದ, ಅಲ್ಲೂ ಇದ್ದದ್ದು ಕೆಲವೇ ತಿಂಗಳು. ಯಾರೋ ಒಂದು ಮನೆ ಕಟ್ಟಿಕೊಡು ಅಂದರು, ಹೊರಟೇಬಿಟ್ಟ. ಮಿಕ್ಕಿದ್ದೆಲ್ಲ ಕೆಲಸ ಮಾಡುತ್ತಾ, ಮೇಸ್ತ್ರಿಗಳನ್ನು ಕೇಳುತ್ತಾ ಕಲಿತದ್ದು. 1908ರಲ್ಲಿ ಅಪ್ಪ ಮನೆತನದ ಹಳೇ ಮನೆ ಪ್ಲಾಸ್ ಬ್ರೋನ್‌ಡಾನು ಬಿಟ್ಟುಕೊಟ್ಟರು. ಕೈಗೆ ಬಂದ ದುಡ್ಡೆಲ್ಲ ಅದರ ತೋಟಕ್ಕೆ ಸುರಿದ. 1912ರಲ್ಲಿ ಲಾಂಗೋಯ್ಡ್ ಅನ್ನೋ ದೊಡ್ಡ ಬಂಗಲೆಯ ಕೆಲಸ ಸಿಕ್ಕಿತು. ಅದೇ ಮೊದಲ ದೊಡ್ಡ ಕೆಲಸ. ಅಷ್ಟರಲ್ಲಿ ಯುದ್ಧ ಬಂತು. ಆ ಬಂಗಲೆ ಮುಗಿದದ್ದು 1919ರಲ್ಲಿ.

ಯುದ್ಧ ಬಂದಾಗ ಆತನಿಗೆ 31 ವರ್ಷ. ಕೈತುಂಬ ಕೆಲಸ ಇತ್ತು, ಹೆಸರು ಬರುತ್ತಾ ಇತ್ತು. ಬಿಟ್ಟು ಹೋದ. ವೆಲ್ಷ್ ಗಾರ್ಡ್ಸ್ ರೆಜಿಮೆಂಟ್ ಶುರುವಾದದ್ದೇ 1915ರ ಫೆಬ್ರವರಿಯಲ್ಲಿ. ಅದರಲ್ಲಿ ಆಫೀಸರ್ ಆದ.

ಅದೇ ವರ್ಷ ಜುಲೈನಲ್ಲಿ ಮದುವೆ. ಹುಡುಗಿ ಅಮಾಬೆಲ್ ಸ್ಟ್ರೇಚಿ, ಒಂದು ದೊಡ್ಡ ವಾರಪತ್ರಿಕೆಯ ಸಂಪಾದಕರ ಮಗಳು, ತಾನೇ ಬರಹಗಾರ್ತಿ. ಜೊತೆಯ ಆಫೀಸರ್‌ಗಳು ಉಡುಗೊರೆ ಏನು ಕೊಡಲಿ ಅಂತ ಕೇಳಿದರು. ಬೆಳ್ಳಿ ತಟ್ಟೆಯೋ ಹೂಜಿಯೋ ಕೇಳುತ್ತಾನೆ ಅಂದುಕೊಂಡಿರಬೇಕು. ಈತ ಕೇಳಿದ್ದು ಒಂದು ಪಾಳುಗೋಪುರ! ಹಳೇ ಕೋಟೆ ಕುಸಿದು ಉಳಿದ ಹಾಗೆ ಕಾಣುವ ಒಂದು ಕಲ್ಲಿನ ಗೋಪುರ, ತನ್ನ ಮನೆಯ ಹಿಂದಿನ ಗುಡ್ಡದ ಮೇಲೆ. ಕೊಡಿಸಿದರು. ಈಗಲೂ ಅಲ್ಲಿದೆ. ಹತ್ತಿದರೆ ಬೆಟ್ಟಸಾಲು ಒಂದು ಕಡೆ, ಸಮುದ್ರ ಇನ್ನೊಂದು ಕಡೆ.

ನಾನು ಈ ಗೋಪುರದ ಬಗ್ಗೆ ಬಹಳ ಯೋಚನೆ ಮಾಡಿದ್ದೇನೆ ಪುಟ್ಟು. ಮದುವೆ ಮಾಡಿಕೊಂಡು ಯುದ್ಧಕ್ಕೆ ಹೊರಟವನು. ವಾಪಸ್ ಬರುತ್ತೇನೋ ಇಲ್ಲವೋ ಗೊತ್ತಿಲ್ಲ. ಆ ಹೊತ್ತಿನಲ್ಲೂ ಅವನ ತಲೆಯಲ್ಲಿ ಓಡಿದ್ದು, ಆ ಗುಡ್ಡದ ಮೇಲೆ ಏನು ನಿಂತರೆ ಚೆನ್ನಾಗಿ ಕಾಣುತ್ತೆ ಅಂತ. ಹುಚ್ಚು ಅನ್ನು ಬೇಕಾದರೆ. ಆದರೆ ಯೂನಿಫಾರ್ಮ್ ಹಾಕಿದ್ದಕ್ಕೆ ಆರ್ಕಿಟೆಕ್ಟ್ ಎಲ್ಲೂ ಹೋಗಿರಲಿಲ್ಲ. ಅಲ್ಲೇ ಇದ್ದ.

ಆಮೇಲೆ ಆತ ಟ್ಯಾಂಕ್ ದಳಕ್ಕೆ ಹೋದ. ನಿನಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ.

ಟ್ಯಾಂಕ್ ಅನ್ನೋ ಯಂತ್ರ ಯುದ್ಧಕ್ಕೆ ಮೊದಲು ಇಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸ್‌ನ ಸೋಮ್ ರಣರಂಗದಲ್ಲಿ. ಸುಮಾರು 28 ಟನ್ ಭಾರ. ಒಳಗೆ ಎಂಟು ಜನ. ನಾವು ನಡೆದುಕೊಂಡು ಹೋಗುವಷ್ಟೇ ವೇಗ. ಒಳಗೆ ಕೂತವರಿಗೆ ಸಣ್ಣ ಕಿಂಡಿಯಲ್ಲಿ ಕಂಡಷ್ಟೇ ಪ್ರಪಂಚ. ಎದುರಿಗೆ ಹಳ್ಳ ಇದೆಯಾ, ನೆಲ ಗಟ್ಟಿಯಾ ಮೆತ್ತಗಾ, ಒಂದೂ ತಿಳಿಯದು. ಕೆಸರಿಗೆ ಇಳಿದರೆ ಅಲ್ಲೇ ಸಮಾಧಿ. ಹಾಗಾಗಿ ಟ್ಯಾಂಕ್ ದಳದಲ್ಲಿ ರೆಕಾನೆಸೆನ್ಸ್ ಆಫೀಸರ್ ಅಂತ ಇರುತ್ತಿದ್ದರು. ಅಂದರೆ ಮುಂಚೆಯೇ ಹೋಗಿ ನೆಲ ನೋಡಿಕೊಂಡು ಬರುವವರು. ಕ್ಲಫ್ ಮಾಡಿದ್ದು ಈ ಕೆಲಸ.

ಈ ಆಫೀಸರ್‌ಗಳು ಏನು ಮಾಡುತ್ತಿದ್ದರು ಅಂತ ಕೇಳು. ಹಿಂದಿನ ರಾತ್ರಿಗಳಲ್ಲಿ ನಡೆದುಕೊಂಡು ಹೋಗಿ ದಾರಿ ಹುಡುಕುವುದು. ಎಲ್ಲಿ ನೀರು ನಿಂತಿದೆ, ಯಾವ ಕಾಲುವೆ ದಾಟಬಹುದು, ಯಾವ ಇಳಿಜಾರಿನಲ್ಲಿ ಟ್ಯಾಂಕ್ ಮಗುಚಿಕೊಳ್ಳುತ್ತೆ ಅಂತ ನೋಡುವುದು. ನಕ್ಷೆ ಬರೆಯುವುದು. ಶತ್ರುವಿನ ಕಡೆ ಹೇಗೆ ಕಾಣುತ್ತೆ ಅಂತ ಚಿತ್ರ ಬರೆಯುವುದು, 'ಈ ಒಂಟಿ ಮರ ಬಲಕ್ಕಿರಲಿ, ಆ ಮುರಿದ ಗೋಡೆ ಎಡಕ್ಕಿರಲಿ' ಅನ್ನೋ ಹಾಗೆ. ದಾಳಿಯ ಹಿಂದಿನ ರಾತ್ರಿ ನೆಲದ ಮೇಲೆ ಬಿಳೀ ಟೇಪ್ ಎಳೆದು ಟ್ಯಾಂಕ್‌ಗೆ ದಾರಿ ತೋರಿಸುವುದು. ಟ್ಯಾಂಕ್ ಒಳಗಿರುವ ಎಂಟು ಜನರ ಜೀವ ಆ ಪೆನ್ಸಿಲ್ ಗೆರೆಯ ಮೇಲೆ ನಿಂತಿರುತ್ತಿತ್ತು.

ಇದನ್ನು ಓದುವಾಗ ನಿನಗೆ ಏನು ನೆನಪಾಯಿತು ಹೇಳು. ಸೈಟ್ ಸರ್ವೆ ಅಲ್ವಾ? ಮೊದಲ ವರ್ಷ ನಿಮ್ಮ ಕಾಲೇಜಿನಲ್ಲಿ ಇಡೀ ದಿನ ಬಿಸಿಲಲ್ಲಿ ನಿಲ್ಲಿಸಿ ಇಳಿಜಾರು, ಮರ, ನೀರು ಹರಿಯುವ ದಿಕ್ಕು ಬರೆಸುತ್ತಿದ್ದರಲ್ಲ, ನೀನು ಬಂದು ಗೊಣಗುತ್ತಿದ್ದೆಯಲ್ಲ, ಅದೇ.

1917ರ ಜುಲೈ 31ಕ್ಕೆ ಬೆಲ್ಜಿಯಂನ ಈಪ್ರ್ ಹತ್ತಿರ ದೊಡ್ಡ ದಾಳಿ ಶುರುವಾಯಿತು. ಆ ನೆಲ ಮೊದಲೇ ತಗ್ಗು, ನೀರು ಹೋಗೋಕೆ ಮಾಡಿದ್ದ ಕಾಲುವೆಗಳೇ ಆಧಾರ. ಫಿರಂಗಿ ಗುಂಡು ಸುರಿಸಿ ಸುರಿಸಿ ಆ ಕಾಲುವೆಗಳನ್ನೆಲ್ಲ ಒಡೆದು ಹಾಕಿದರು. ಮೇಲೆ ಮಳೆ. ಟ್ಯಾಂಕ್ ದಳದವರು ಜವುಗು ಎಲ್ಲೆಲ್ಲಿ ಹರಡುತ್ತಿದೆ ಅಂತ ದಿನದಿನದ ನಕ್ಷೆ ಮಾಡಿ ಮೇಲಿನವರಿಗೆ ಕಳಿಸುತ್ತಿದ್ದರು. ಕೊನೆಗೆ ಮೇಲಿನಿಂದ ಬಂದ ಉತ್ತರ: ಇನ್ನು ಮೇಲೆ ಈ ನಕ್ಷೆ ಕಳಿಸಬೇಡಿ. ಟ್ಯಾಂಕ್‌ಗಳು ಸಾಲು ಸಾಲಾಗಿ ಕೆಸರಲ್ಲಿ ಹೂತುಹೋದವು.

ನಾಲ್ಕು ತಿಂಗಳಾಗುವುದರಲ್ಲಿ ಕಾಂಬ್ರೈ ದಾಳಿ. ನವೆಂಬರ್ 20. ಈ ಸಲ ಜಾಗ ನೋಡಿ ಆರಿಸಿದ್ದರು. ಒಣಗಿದ, ಗಟ್ಟಿ ಸುಣ್ಣಕಲ್ಲಿನ ನೆಲ. ಮುಂಚಿತವಾಗಿ ದಿನಗಟ್ಟಲೆ ಫಿರಂಗಿ ಹಾರಿಸಿ ನೆಲ ಉತ್ತುಹಾಕಲಿಲ್ಲ. ಶತ್ರುಗಳ ಕಂದಕ ತುಂಬಾ ಅಗಲ ಅಂತ ಗೊತ್ತಿತ್ತಲ್ಲ, ಒಂದೊಂದು ಟ್ಯಾಂಕ್‌ನ ತಲೆಯ ಮೇಲೂ ಕಟ್ಟಿಗೆಯ ದೊಡ್ಡ ಹೊರೆ ಕಟ್ಟಿದರು. ಕಂದಕ ಸಿಕ್ಕಿದಾಗ ಅದನ್ನು ಕೆಡವಿ, ಅದರ ಮೇಲೆ ದಾಟುವುದು. ಸುಮಾರು 470 ಟ್ಯಾಂಕ್‌ಗಳು ಹೋದವು, ಒಂದೇ ದಿನದಲ್ಲಿ ಎಷ್ಟೋ ಮೈಲಿ ಒಳಗೆ ನುಗ್ಗಿದರು. ಇಂಗ್ಲೆಂಡಿನಲ್ಲಿ ಚರ್ಚ್ ಗಂಟೆ ಬಾರಿಸಿದರು. ಹದಿನೈದು ಇಪ್ಪತ್ತು ದಿನದಲ್ಲಿ ಗೆದ್ದ ನೆಲದ ಬಹುಪಾಲು ಕೈತಪ್ಪಿತ್ತು ಅನ್ನೋದು ಬೇರೆ ಮಾತು. ಗಂಟೆ ಬಾರಿಸೋಕೆ ಅವಸರ ಮಾಡಬಾರದು ಅಂತ ನನ್ನ ಅಭಿಪ್ರಾಯ, ಅದು ಯುದ್ಧಕ್ಕೂ ಸರಿ, ಗೃಹಪ್ರವೇಶಕ್ಕೂ ಸರಿ.

ಗೃಹಪ್ರವೇಶ ಅಂದೆನಲ್ಲ, ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ನಿನ್ನ ಅಮ್ಮನಿಗೂ ಗೊತ್ತಿಲ್ಲದ್ದು. ನಾನು ಕೆಲಸಕ್ಕೆ ಸೇರಿ ಆರೇಳು ವರ್ಷ ಆಗಿತ್ತು. ಒಂದು ಕಟ್ಟಡದ ಪಾಯದ ಡ್ರಾಯಿಂಗ್ ನಾನು ಮಾಡಿದ್ದು. ಜಾಗ ನೋಡೋಕೆ ಹೋಗು ಅಂದಿದ್ದರು. ನನಗೆ ಅವತ್ತು ಏನೋ ಸೋಮಾರಿತನ, ಹಳೇ ಸರ್ವೆ ಹಾಳೆ ಇತ್ತು, ಅದನ್ನೇ ನೋಡಿ ಬರೆದುಕೊಟ್ಟೆ. ಸುಣ್ಣದಲ್ಲಿ ಗುರುತು ಹಾಕುವ ದಿನ ಹೋದೆ. ಮುದುಕ ಮೇಸ್ತ್ರಿ ಒಬ್ಬ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಜಾಗವೆಲ್ಲ ಒಂದು ಸುತ್ತು ನಡೆದ. ಮೂಲೆಯಲ್ಲಿ ಬಗ್ಗಿ ಒಂದು ಹಿಡಿ ಗಿಡ ಕಿತ್ತು ನನ್ನ ಕೈಗೆ ಕೊಟ್ಟ. "ಸಾರ್, ಇದು ಜೊಂಡು" ಅಂದ. ಅಷ್ಟೇ. ನಾನು ಅದನ್ನು ಬಿಸಾಕಿ, ಡ್ರಾಯಿಂಗ್‌ನಲ್ಲಿ ಇರುವ ಹಾಗೆ ಅಗೆಯಿರಿ ಅಂದೆ. ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿಗಳಲ್ಲಿ ಮೊಣಕಾಲುದ್ದ ನೀರು. ಕಪ್ಪೆ ಬೇರೆ ಕೂಗುತ್ತಿದ್ದವು. ಎಂದೋ ಮುಚ್ಚಿದ ಕುಂಟೆ ಅದು. ಪಂಪ್ ತರಿಸಿ, ಪಾಯ ಬದಲಿಸಿ, ಒಂದೂವರೆ ತಿಂಗಳು ಹೋಯಿತು. ಬೈಸಿಕೊಂಡದ್ದು ಮರೆತಿದೆ. ಆ ಮೇಸ್ತ್ರಿ ಏನೂ ಹೇಳದೆ ನನ್ನ ಮುಖ ನೋಡಿದ್ದು ಮರೆತಿಲ್ಲ.

ಹಾಗಾಗಿ ಆ ಜವುಗಿನ ನಕ್ಷೆಯ ವಿಷಯ ಓದಿದಾಗ ನನಗೆ ಮೈ ಜುಮ್ಮೆಂದಿತು. ನನ್ನ ಗುಂಡಿಯಲ್ಲಿ ಕಪ್ಪೆ ಕೂತಿದ್ದವು. ಅವರ ಕೆಸರಲ್ಲಿ ಮಕ್ಕಳು ಸತ್ತರು.

ಈಗ ಪದಕದ ವಿಷಯ. ಮಿಲಿಟರಿ ಕ್ರಾಸ್ ಅಂದರೆ ಬೆಳ್ಳಿಯ ಶಿಲುಬೆ, ಬಿಳಿ ರಿಬ್ಬನ್ ನಡುವೆ ನೇರಳೆ ಪಟ್ಟಿ. 1914ರ ಕೊನೆಯಲ್ಲಿ ಶುರು ಮಾಡಿದ್ದು, ಕ್ಯಾಪ್ಟನ್ ಮತ್ತು ಅದಕ್ಕಿಂತ ಕೆಳಗಿನ ಆಫೀಸರ್‌ಗಳಿಗೆ. ಅಂದರೆ ಗುಂಡು ಬೀಳುವ ಜಾಗದಲ್ಲಿ ನಿಂತವರಿಗೆ. ಅದು ದೊಡ್ಡದು, ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಪೋರ್ಟ್‌ಮೆರಿಯನ್‌ನಲ್ಲಿ ಇಡೀ ದಿನ ಸುತ್ತಿದೆ. ಒಂದು ಕಡೆಯೂ ಆ ಪದಕ ನನ್ನ ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬಿದ್ದದ್ದು ಅವನ ಕಿಟಕಿಗಳು.

ನೀನು ಅಕ್ಕನ ಹತ್ತಿರ "ಅಲ್ಲಿ ಮರ್ಯಾದೆ ಇರುತ್ತೆ, ಇಲ್ಲಿ ಬರೀ ಟಾಯ್ಲೆಟ್ ಡೀಟೇಲ್ ಬರೆಸುತ್ತಾರೆ" ಅಂದೆಯಂತೆ. ಇದನ್ನು ಕೇಳಿ ನನಗೆ ಸ್ವಲ್ಪ ಕಸಿವಿಸಿ ಆಯಿತು. ಎರಡು ವರ್ಷದಿಂದ ಆಫೀಸಿನಲ್ಲಿ ನೀನು ಬರೆದದ್ದನ್ನು ಬೇರೆಯವರ ಹೆಸರಲ್ಲಿ ತೋರಿಸುತ್ತಾರೆ, ಸಂಬಳ ಹದಿನೈದನೇ ತಾರೀಖಿಗೋ ಇಪ್ಪತ್ತಕ್ಕೋ ಬರುತ್ತೆ, ಎಲ್ಲ ಗೊತ್ತು. ಅದಕ್ಕೆ ಬೇಜಾರಾಗಿ ಸೈನ್ಯಕ್ಕೆ ಹೊರಟಿದ್ದರೆ ಬೇಡ. ಅಲ್ಲೂ ಮೊದಮೊದಲು ಟಾಯ್ಲೆಟ್ ಡೀಟೇಲೇ ಇರುತ್ತೆ, ಹೆಸರು ಬೇರೆ ಅಷ್ಟೇ. ಸ್ಟೋರ್ಸ್ ಲೆಕ್ಕ, ಗಾಡಿ ರಿಪೇರಿ ಪಟ್ಟಿ, ಜವಾನರ ರಜಾ ಅರ್ಜಿ. ಕ್ಲಫ್‌ಗೆ ಇಲ್ಲಿ ಕೆಲಸ ಇಲ್ಲದೆ ಹೋಗಲಿಲ್ಲ. ಮಾಡುತ್ತಿದ್ದ ಕೆಲಸ ಇಷ್ಟವಿದ್ದೂ ಹೋದ. ಇದನ್ನು ನೀನೊಬ್ಬನೇ ಕೂತು ಯೋಚನೆ ಮಾಡು. ನನಗೆ ಉತ್ತರ ಬೇಕಾಗಿಲ್ಲ.

ಆ ಯೋಚನೆಯಾದ ಮೇಲೂ ಮನಸ್ಸು ಹೋಗು ಅಂದರೆ, ಆಗ ಓದಿದ್ದು ದಂಡ ಅನ್ನೋ ಮಾತಿಗೆ ನಾನು ಅಕ್ಕನ ಜೊತೆ ಜಗಳ ಆಡುತ್ತೇನೆ. ಅದಕ್ಕೆ ಆಧಾರ 1919.

ಯುದ್ಧ ಮುಗಿದ ಮರುವರ್ಷ ಆತನ ಎರಡು ಪುಸ್ತಕ ಬಂದವು. ಒಂದು, ಹೆಂಡತಿ ಜೊತೆ ಸೇರಿ ಬರೆದ ಟ್ಯಾಂಕ್ ದಳದ ಇತಿಹಾಸ. ಇನ್ನೊಂದು, ಮಣ್ಣಿನ ಗೋಡೆಯ ಮನೆ ಕಟ್ಟುವುದು ಹೇಗೆ ಅಂತ! ಯುದ್ಧದಿಂದ ಬಂದ ಜನಕ್ಕೆ ಮನೆ ಬೇಕಿತ್ತು, ಇಟ್ಟಿಗೆ ಮರ ಎರಡೂ ಸಿಗುತ್ತಿರಲಿಲ್ಲ, ಸಿಕ್ಕರೆ ವಿಪರೀತ ಬೆಲೆ. ಕಾಲಡಿಯ ಮಣ್ಣನ್ನೇ ಹಲಗೆಗಳ ನಡುವೆ ತುಂಬಿ, ದಿಮ್ಮಿಸಿ, ಗೋಡೆ ಎಬ್ಬಿಸಿ ಅಂದ. ನೋಡು, ಒಂದೇ ಕೈ, ಒಂದೇ ವರ್ಷ. ಒಂದು ಪುಸ್ತಕದಲ್ಲಿ ಮಣ್ಣು ಜನರನ್ನು ನುಂಗುತ್ತೆ, ಇನ್ನೊಂದರಲ್ಲಿ ಮಣ್ಣೇ ಮನೆ.

ಪೋರ್ಟ್‌ಮೆರಿಯನ್ ಜಾಗ ಕೊಂಡದ್ದು 1925ರಲ್ಲಿ. ಆಗ ವಯಸ್ಸು 42. ಇದನ್ನು ಅಕ್ಕನಿಗೆ ಓದಿ ಹೇಳು. ನೀನು ಶಾರ್ಟ್ ಸರ್ವಿಸ್‌ಗೆ ಹೋದರೆ ಹತ್ತು ವರ್ಷ, ಬೇಕೆಂದರೆ ಇನ್ನೂ ನಾಲ್ಕು. ವಾಪಸ್ ಬಂದಾಗ ಮೂವತ್ತಾರೋ ನಲವತ್ತೋ. ಆತ ಶುರು ಮಾಡಿದ್ದಕ್ಕಿಂತ ಚಿಕ್ಕವನೇ ಇರುತ್ತೀಯ. ನಮ್ಮಲ್ಲಿ ಮೂವತ್ತಕ್ಕೆ ಸ್ವಂತ ಆಫೀಸ್ ಇಲ್ಲದಿದ್ದರೆ ಕೆಟ್ಟ ಅಂತ ಲೆಕ್ಕ. ನಮ್ಮ ವೃತ್ತಿಯಲ್ಲಿ ನಲವತ್ತು ಅಂದರೆ ಆಗ ತಾನೇ ಮೀಸೆ ಬಂದ ಹಾಗೆ.

ಆತನ ವಾದ ಸರಳ. ಚೆಂದದ ಜಾಗದಲ್ಲಿ ಕಟ್ಟಡ ಕಟ್ಟಿದರೆ ಜಾಗ ಹಾಳಾಗಲೇಬೇಕು ಅಂತೇನಿಲ್ಲ. ಅದನ್ನು ಭಾಷಣದಲ್ಲಿ ಹೇಳದೆ ಕಟ್ಟಿ ತೋರಿಸುತ್ತೇನೆ ಅಂತ ಹೊರಟ. ಖರ್ಚಿಗೆ ಹೋಟೆಲ್ ನಡೆಸಿದ. ಯಾರೋ ಕೆಡವುವ ಹಳೇ ಕಟ್ಟಡಗಳ ಚೂರುಗಳನ್ನು ತಂದು ಸೇರಿಸಿದ. 1936ರಲ್ಲಿ ಎಮ್ರಲ್ ಹಾಲ್ ಅನ್ನೋ ಹಳೇ ಬಂಗಲೆಯನ್ನು ಬಿಡಿಬಿಡಿಯಾಗಿ ಹರಾಜು ಹಾಕುತ್ತಿದ್ದರು. ಹರ್ಕ್ಯುಲಿಸ್‌ನ ಸಾಹಸಗಳನ್ನು ಗಾರೆಯಲ್ಲಿ ಕೆತ್ತಿದ್ದ ಒಂದು ಛಾವಣಿ ಇತ್ತು. 13 ಪೌಂಡ್‌ಗೆ ಹಿಡಿದ! ಹಿಡಿದ ಮೇಲೆ ಗೊತ್ತಾಯಿತು, ಛಾವಣಿ ಒಂದೇ ಇಟ್ಟುಕೊಂಡು ಏನು ಮಾಡೋದು? ಅದರ ಕಿಟಕಿ, ಬಾಗಿಲು, ಹಲಗೆ ಎಲ್ಲ ಕೊಂಡ. ತುಂಡು ಮಾಡಿ, ಸಾಗಿಸಿ, ಅದಕ್ಕೆ ಸರಿಯಾಗಿ ಒಂದು ಹೊಸ ಹಾಲ್ ಕಟ್ಟಿದ. ಗುಂಡಿ ಸಿಕ್ಕಿತು ಅಂತ ಅಂಗಿ ಹೊಲಿಸಿದ ಹಾಗೆ. ನಾನು ಆ ಛಾವಣಿಯ ಕೆಳಗೆ ಕತ್ತು ನೋಯುವವರೆಗೂ ನಿಂತಿದ್ದೆ.

ಇಂಥವನು ಆತ ಒಬ್ಬನೇ ಅಂದುಕೊಳ್ಳಬೇಡ. ಬೇಸಿಲ್ ಸ್ಪೆನ್ಸ್ ಅಂತ ಇನ್ನೊಬ್ಬ ಆರ್ಕಿಟೆಕ್ಟ್. ಎರಡನೇ ಮಹಾಯುದ್ಧದಲ್ಲಿ ಆಫೀಸರ್, 1944ರಲ್ಲಿ ನಾರ್ಮಂಡಿಯ ದಡಕ್ಕೆ ಇಳಿದವನು. ಅಲ್ಲಿ ಚರ್ಚ್ ಗೋಪುರದಲ್ಲಿ ಅಡಗಿದ್ದ ಶತ್ರುಗಳನ್ನು ಹೊಡೆಯೋಕೆ ತಮ್ಮದೇ ಟ್ಯಾಂಕ್‌ಗಳು ಹಳೇ ಚರ್ಚ್‌ಗಳನ್ನು ಒಡೆದದ್ದನ್ನು ಕಣ್ಣಾರೆ ನೋಡಿದ. ಬಾಂಬಿಗೆ ಸುಟ್ಟ ಕವೆಂಟ್ರಿ ಚರ್ಚಿನ ಪಕ್ಕದಲ್ಲಿ ಹೊಸದನ್ನು ಕಟ್ಟಿದವನು ಅವನೇ. 1962ರಲ್ಲಿ ಮುಗಿಯಿತು. ಸುಟ್ಟ ಗೋಡೆಗಳನ್ನು ಕೆಡವದೆ ಹಾಗೇ ಉಳಿಸಿಕೊಂಡ.

ಇಲ್ಲಿಯವರೆಗೆ ಬರೆದದ್ದು ಸುಲಭ. ಮುಂದಿನದು ಬರೆಯಲೋ ಬೇಡವೋ ಅಂತ ಎರಡು ದಿನ ಬಿಟ್ಟಿದ್ದೆ.

ಕ್ಲಫ್‌ಗೆ ಒಬ್ಬನೇ ಮಗ, ಕ್ರಿಸ್ಟಫರ್. ಎರಡನೇ ಯುದ್ಧ ಬಂದಾಗ ಅಪ್ಪನ ರೆಜಿಮೆಂಟಿಗೇ ಸೇರಿದ. 1944ರಲ್ಲಿ ಇಟಲಿಯ ಕಸೀನೋ ಯುದ್ಧದಲ್ಲಿ ಸತ್ತ. ಇಪ್ಪತ್ತು ದಾಟಿ ಹೆಚ್ಚು ವರ್ಷ ಆಗಿರಲಿಲ್ಲ. ಯಾವ ಇಟಲಿಯ ಬಣ್ಣಗಳನ್ನು ಅಪ್ಪ ವೇಲ್ಸ್‌ಗೆ ತಂದನೋ ಅದೇ ಇಟಲಿ.

ಇದನ್ನು ನಿನ್ನನ್ನು ಹೆದರಿಸೋಕೆ ಹೇಳುತ್ತಿಲ್ಲ. ಹೆದರುವವನಾಗಿದ್ದರೆ ನೀನು ಆ ಐದು ದಿನದ ಸಂದರ್ಶನಕ್ಕೇ ಹೋಗುತ್ತಿರಲಿಲ್ಲ. ಅಮ್ಮನ ಜೊತೆ ಮಾತಾಡುವಾಗ ನೆನಪಿರಲಿ ಅಂತ ಹೇಳಿದೆ. "ಈಗೆಲ್ಲ ಯುದ್ಧ ಎಲ್ಲಮ್ಮಾ ಆಗುತ್ತೆ, ಏನೂ ಆಗಲ್ಲ" ಅಂದೆಯಂತೆ. ಆ ಮಾತು ಆಡಬೇಡ. ಅದು ನಿನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ನಿನಗೆ ಗೊತ್ತಿಲ್ಲ ಅನ್ನೋದು ಅವಳಿಗೆ ಗೊತ್ತು, ಅದಕ್ಕೇ ಅವಳು ಅಳೋದು. ಪಕ್ಕದಲ್ಲಿ ಕೂತುಕೋ. ಆಗಬಹುದು ಅಮ್ಮಾ, ಆದರೂ ಹೋಗಬೇಕು ಅನ್ನಿಸುತ್ತಿದೆ ಅಂತ ಹೇಳು. ಬೈದರೆ ಬೈಸಿಕೋ. ಅಡುಗೆಮನೆಯಲ್ಲಿ ಹೇಳು, ಹಾಲ್‌ನಲ್ಲಿ ಟಿವಿ ಮುಂದೆ ಬೇಡ. ಭಾವನಿಗೆ ಬೇರೆಯಾಗಿ ಹೇಳಬೇಕು, ಅವರನ್ನು ಬೆಳಗಿನ ವಾಕಿಂಗ್‌ನಲ್ಲಿ ಹಿಡಿ. ನಡೆಯುವಾಗ ಅವರು ಎರಡು ಮಾತು ಜಾಸ್ತಿ ಆಡುತ್ತಾರೆ.

ಮಗ ಹೋದ ಮೇಲೆ ಆತ ಏನು ಮಾಡಿದ ಅಂತ ಕೇಳುತ್ತೀಯ. ಅದನ್ನು ಹೊರಗಿನಿಂದ ಹೇಳೋದು ಕಷ್ಟ. ಆದದ್ದು ಮಾತ್ರ ಹೇಳುತ್ತೇನೆ. 1951ರಲ್ಲಿ ಪ್ಲಾಸ್ ಬ್ರೋನ್‌ಡಾನು ಮನೆಗೆ ಬೆಂಕಿ ಬಿತ್ತು. ಅಪ್ಪ ಕೊಟ್ಟಿದ್ದ ಮನೆ, ಅದರ ಜೊತೆ ಪುಸ್ತಕ, ಕಾಗದಪತ್ರ, ಡ್ರಾಯಿಂಗ್‌ಗಳು ಎಲ್ಲ ಹೋದವು. ಆಗ 68 ವರ್ಷ. ಗೋಡೆ ನಿಂತಿತ್ತು. ಎರಡು ವರ್ಷದಲ್ಲಿ ಮತ್ತೆ ಕಟ್ಟಿದ. ಮುಗಿದ ನೆನಪಿಗೆ ತೋಟದ ಆಚೆ ಒಂದು ಕಲ್ಲಿನ ಹೂಜಿ ನಿಲ್ಲಿಸಿದ, ಅದರ ಬಾಯಿಂದ ಉರಿ ಏಳುತ್ತಿರುವ ಹಾಗೆ. ಯುದ್ಧದ ಕಾರಣಕ್ಕೆ ನಿಂತಿದ್ದ ಪೋರ್ಟ್‌ಮೆರಿಯನ್ ಕೆಲಸವನ್ನು 1954ರಲ್ಲಿ ಮತ್ತೆ ಎತ್ತಿಕೊಂಡ. ಬ್ರಿಸ್ಟಲ್‌ನಲ್ಲಿ ಬಾಂಬಿನ ಪೆಟ್ಟು ತಿಂದು ಹಾಳಾಗಿದ್ದ ಒಂದು ಹಳೇ ಕಂಬಸಾಲನ್ನು ಕಲ್ಲು ಕಲ್ಲಿಗೂ ನಂಬರ್ ಹಾಕಿ ಬಿಚ್ಚಿ ತಂದು ನಿಲ್ಲಿಸಿದ. 1972ರಲ್ಲಿ ಸರ್ ಬಿರುದು ಬಂತು. 1976ರವರೆಗೂ ಅಲ್ಲಿ ಏನಾದರೂ ಒಂದು ಏಳುತ್ತಲೇ ಇತ್ತು. 1978ರಲ್ಲಿ ತೀರಿಕೊಂಡಾಗ 94.

ಇನ್ನು ಕೆಲವು ಸಣ್ಣ ವಿಷಯ, ಮರೆಯುವ ಮುಂಚೆ ಬರೆದುಬಿಡುತ್ತೇನೆ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ ಬಿಡಬೇಡ. ತರಬೇತಿಯ ಗಡಿಬಿಡಿಯಲ್ಲಿ ಅದು ಮೊದಲು ಮರೆತುಹೋಗುತ್ತೆ. ರಿನ್ಯೂ ಮಾಡೋ ತಾರೀಖು ನನಗೆ ಬರೆದು ಕಳಿಸು, ನಾನು ನೆನಪಿಸುತ್ತೇನೆ. ಆಫೀಸ್ ಬಿಡುವಾಗ ಜಗಳ ಆಡಿ ಬರಬೇಡ, ಅನುಭವದ ಪತ್ರ ಕೇಳಿ ತಗೋ. ಲ್ಯಾಪ್‌ಟಾಪ್‌ನಲ್ಲಿರುವ ನಿನ್ನ ಡ್ರಾಯಿಂಗ್‌ಗಳನ್ನು ಎರಡು ಕಡೆ ಉಳಿಸಿಡು. ಬೆಂಕಿಯ ಕಥೆ ಈಗ ತಾನೇ ಓದಿದೆಯಲ್ಲ.

ಮತ್ತೆ, ಕೈಯಲ್ಲಿ ಬರೆಯೋದು ಬಿಡಬೇಡ. ನೀನು ಈಗ ಕಂಪ್ಯೂಟರ್ ಇಲ್ಲದೆ ಒಂದು ಬಾಗಿಲು ಬರೆಯಲ್ಲ ಅಂತ ನನಗೆ ಗೊತ್ತು. ಅಲ್ಲಿ ಎಲ್ಲೋ ಒಂದು ಪೋಸ್ಟ್‌ನಲ್ಲಿ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ. ಎದುರಿಗೆ ಬೆಟ್ಟ ಇರುತ್ತೆ. ಅದು ಹೇಗೆ ಇಳಿಯುತ್ತೆ, ನೀರು ಯಾವ ಕಡೆ ಹೋಗುತ್ತೆ, ಮಧ್ಯಾಹ್ನದ ನೆರಳು ಎಲ್ಲಿ ಬೀಳುತ್ತೆ, ಬರೆದುಕೋ. ಬರೆಯಬಾರದ ಜಾಗವಾದರೆ ಸುಮ್ನೆ ನೋಡು, ಬರೆಯಬೇಡ. ನಿಯಮ ನಿಯಮವೇ. ರಜೆಗೆ ಬಂದಾಗ ನಿಮ್ಮ ಮನೆ ಮುಂದಿನ ಬೇವಿನ ಮರವನ್ನಾದರೂ ಬರೆ.

ನಾನು ಬರುವ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಕ್ಕನ ಹತ್ತಿರ ನಾನು ಮೊದಲು ಮಾತಾಡಲ್ಲ, ನೀನೇ ಮಾತಾಡಿರಬೇಕು. ಪೋರ್ಟ್‌ಮೆರಿಯನ್‌ನಲ್ಲಿ ಆ ಮೋಸದ ಕಿಟಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ, ತರುತ್ತೇನೆ. ಯಾವ ಕಿಟಕಿ ನಿಜ, ಯಾವುದು ಬಣ್ಣದ್ದು ಅಂತ ನೀನು ಹೇಳಬೇಕು. ಅಕ್ಕನಿಗೂ ತೋರಿಸೋಣ, ಅವಳು ನಮ್ಮಿಬ್ಬರಿಗಿಂತ ಮೊದಲು ಕಂಡುಹಿಡಿಯುತ್ತಾಳೆ ಅಂತ ನನ್ನ ಅಂದಾಜು.

ನಿನ್ನ ಅತ್ತೆ ಕೋಡುಬಳೆ ಮಾಡಿ ಕಟ್ಟಿಟ್ಟಿದ್ದಾಳೆ.

ಇಂತಿ ನಿನ್ನ ಪ್ರೀತಿಯ
ಮಾವ